ದೇಶ ಬಿಡದೆ ಕೆಲಸ ಬಿಡುವ ಹಕ್ಕು

ಹೊರದೇಶದಿಂದ ಕೆಲಸಗಾರರನ್ನು ಕರೆಸಿಕೊಳ್ಳುವ ಮಾತು ಬಂದಾಗಲೆಲ್ಲ ಚರ್ಚೆ ಗಡಿಯಲ್ಲೇ ನಿಂತುಬಿಡುತ್ತದೆ. ಎಷ್ಟು ಜನರನ್ನು ಬಿಡಬೇಕು, ಯಾರನ್ನು ತಡೆಯಬೇಕು, ಎಷ್ಟು ವರ್ಷ ಇಟ್ಟುಕೊಳ್ಳಬೇಕು. ಬಂದಿಳಿದ ಮೇಲೆ ಅವರ ಪಾಡೇನು ಎಂದು ಕೇಳುವವರು ಕಡಿಮೆ. ನನಗೆ ಮುಖ್ಯ ಅನ್ನಿಸುವುದು ಅದೇ. ಈ ವಿಷಯದಲ್ಲಿ ಯಾವ ದೇಶದ ಕಾನೂನು ನೋಡಿದರೂ ನಾನು ಮೊದಲು ಹುಡುಕುವುದು ಒಂದನ್ನೇ: ಮಾಲೀಕ ಸರಿಯಿಲ್ಲ ಅನ್ನಿಸಿದರೆ ಕೆಲಸಗಾರ ಆ ದೇಶದಲ್ಲೇ ಇದ್ದುಕೊಂಡು ಬೇರೆ ಕೆಲಸಕ್ಕೆ ಹೋಗಬಹುದಾ?

ಬಹಳಷ್ಟು ಕಡೆ ಆಗುವುದಿಲ್ಲ. ವರ್ಕ್ ಪರ್ಮಿಟ್ ಒಂದೇ ಕಂಪನಿಗೆ ಕಟ್ಟುಬಿದ್ದಿರುತ್ತದೆ. ಕೆಲಸ ಹೋದರೆ ಪರ್ಮಿಟ್ ಹೋಯಿತು, ಪರ್ಮಿಟ್ ಹೋದರೆ ವಾಪಸ್ ವಿಮಾನ ಹತ್ತಬೇಕು. ಇದರ ಅರ್ಥ ಗೊತ್ತಾಗುವುದು ಸಂಬಳದ ದಿನ. ಪೇ ಸ್ಲಿಪ್ ಕೆಲಸಗಾರನ ಕೈಗೆ ಬರುತ್ತದೆ. ತಾನು ಮಾಡಿದ ಓವರ್‌ಟೈಮ್ ಎಷ್ಟು ಎಂದು ಅವನಿಗೆ ಗೊತ್ತು, ಫೋನಿನಲ್ಲಿ ದಿನದಿನವೂ ಬರೆದಿಟ್ಟುಕೊಂಡಿದ್ದಾನೆ. ಸ್ಲಿಪ್ಪಿನಲ್ಲಿ ಇರುವುದು ಅದರ ಅರ್ಧ. ರೂಮಿನ ಬಾಡಿಗೆ ಎಂದು ಒಂದು ಕಡಿತ, ಯೂನಿಫಾರ್ಮ್ ಎಂದು ಇನ್ನೊಂದು. ಸೂಪರ್‌ವೈಸರ್ ಎದುರಲ್ಲೇ ನಿಂತಿದ್ದಾನೆ. ಆದರೂ ಕೆಲಸಗಾರ ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಸುಮ್ನೆ ಹೊರಟುಹೋಗುತ್ತಾನೆ. ಅವನಿಗೆ ಧೈರ್ಯ ಇಲ್ಲ ಎಂದಲ್ಲ. ದೂರು ಕೊಡಬೇಕಾದದ್ದು ಯಾರ ಮೇಲೋ, ವೀಸಾ ರಿನ್ಯೂ ಮಾಡಿಸಬೇಕಾದವನೂ ಅವನೇ.

ಇದರ ಏಟು ಅವನೊಬ್ಬನಿಗೇ ಬೀಳುವುದಿಲ್ಲ. ಪಕ್ಕದಲ್ಲಿ ಅದೇ ಕೆಲಸ ಮಾಡುವ ಸ್ಥಳೀಯ ಕೆಲಸಗಾರ ಸಂಬಳ ಜಾಸ್ತಿ ಮಾಡಿ ಎಂದು ಕೇಳಿದರೆ ಮಾಲೀಕ ಯಾಕೆ ಕಿವಿಗೊಡಬೇಕು? ಬಾಯಿ ಬಿಡಲಾಗದ ಇನ್ನೊಬ್ಬನನ್ನು ಕರೆಸಿಕೊಂಡರಾಯಿತು ಅಲ್ವಾ? 'ಹೊರಗಿನವರು ಬಂದು ನಮ್ಮ ಸಂಬಳ ಇಳಿಸಿದರು' ಎಂದು ಸಿಟ್ಟಾಗುವವರು ಈ ಜಾಗವನ್ನು ಸ್ವಲ್ಪ ನೋಡಬೇಕು. ಬಂದವನ ಕೈ ಕಟ್ಟಿಹಾಕಿದ್ದರಿಂದಲೇ ಇಬ್ಬರ ಸಂಬಳವೂ ಇಳಿಯುತ್ತದೆ.

ಜನ ಬಂದ ಮಾತ್ರಕ್ಕೆ ಸಂಬಳ ಕುಸಿಯುತ್ತದೆ ಎಂಬುದು ಅಷ್ಟು ಸಲೀಸಾದ ಮಾತಲ್ಲ. 1980ರಲ್ಲಿ ಕ್ಯೂಬಾದ ಮರಿಯೆಲ್ ಬಂದರಿನಿಂದ ಸುಮಾರು 1,25,000 ಜನ ಕೆಲವೇ ತಿಂಗಳಲ್ಲಿ ಅಮೆರಿಕಕ್ಕೆ ಬಂದರು. ಅವರಲ್ಲಿ ಬಹಳ ಮಂದಿ ಮಯಾಮಿಯಲ್ಲೇ ಉಳಿದರು. ಊರಿನ ದುಡಿಯುವ ಜನರ ಸಂಖ್ಯೆ ಸುಮಾರು ನೂರಕ್ಕೆ ಏಳರಷ್ಟು ಏರಿತು. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಲೆಕ್ಕ ಹಾಕಿ ನೋಡಿದಾಗ ಅಲ್ಲಿನವರ ಸಂಬಳದ ಮೇಲೆ ಅದರ ಪರಿಣಾಮ ಹೆಚ್ಚೇನೂ ಕಾಣಲಿಲ್ಲ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೊರ್ಹಾಸ್ ಇದನ್ನು ಒಪ್ಪಲಿಲ್ಲ. ಹೈಸ್ಕೂಲು ಮುಗಿಸದವರ ಸಂಬಳ ಬಿದ್ದಿತ್ತು ಎಂಬುದು ಅವರ ವಾದ. ಆ ಜಗಳ ಇನ್ನೂ ಮುಗಿದಿಲ್ಲ. ಆದರೆ ಹಾಗೆ ಬಂದವರು ಯಾವ ಒಬ್ಬ ಮಾಲೀಕನಿಗೂ ಕಟ್ಟುಬಿದ್ದಿರಲಿಲ್ಲ ಎಂಬುದನ್ನು ನಾನು ಮರೆಯುವುದಿಲ್ಲ.

ಕಟ್ಟಿಹಾಕುವ ಪದ್ಧತಿ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಕೊಲ್ಲಿ ದೇಶಗಳ ಕಫಾಲಾ. ಅದರಲ್ಲಿ ಕಫೀಲ್, ಅಂದರೆ ಕರೆಸಿಕೊಂಡ ಮಾಲೀಕ, ಎನ್‌ಒಸಿ (ತನ್ನ ಆಕ್ಷೇಪಣೆ ಇಲ್ಲ ಎಂಬ ಪತ್ರ) ಕೊಡದಿದ್ದರೆ ಕಂಪನಿ ಬದಲಾಯಿಸುವಂತಿರಲಿಲ್ಲ. ಕತಾರ್ 2020ರಲ್ಲಿ ಕಾನೂನು ತಿದ್ದಿ ಎನ್‌ಒಸಿ ಬೇಡ ಎಂದಿತು, 2021ರಿಂದ 1,000 ರಿಯಾಲ್ ಕನಿಷ್ಠ ವೇತನವನ್ನೂ ತಂದಿತು. ಒಳ್ಳೆಯ ಹೆಜ್ಜೆ, ಒಪ್ಪೋಣ. ಆದರೆ ಕಾನೂನು ಬದಲಾದ ಮೇಲೂ ಬಿಟ್ಟುಹೋಗುವವರ ಮೇಲೆ ಕಂಪನಿಗಳು 'ಓಡಿಹೋಗಿದ್ದಾನೆ' ಎಂದು ಕೇಸು ಹಾಕುವ ದೂರುಗಳು ಬರುತ್ತಲೇ ಇದ್ದವು.

ಜಪಾನಿನ ಕಥೆ ಇದಕ್ಕಿಂತ ಬೇಸರ ತರುತ್ತದೆ, ಯಾಕೆಂದರೆ ಅಲ್ಲಿ ಇದಕ್ಕೆ ತರಬೇತಿ ಎಂಬ ಹೆಸರಿತ್ತು. 1993ರಲ್ಲಿ ಶುರುವಾದ ಯೋಜನೆಯಲ್ಲಿ ವಿಯೆಟ್ನಾಂ, ಚೀನಾ, ಇಂಡೋನೇಷ್ಯಾದಂಥ ದೇಶಗಳಿಂದ ಬಂದವರು ಕಟ್ಟಡ ಕಟ್ಟಿದರು, ಮೀನು ಸಂಸ್ಕರಿಸಿದರು, ಹೊಲದಲ್ಲಿ ದುಡಿದರು. ಕೆಲಸದ ಜಾಗ ಬದಲಾಯಿಸುವ ಅವಕಾಶ ಹೆಚ್ಚುಕಡಿಮೆ ಇರಲೇ ಇಲ್ಲ. ಹಾಗಾದಾಗ ಜನ ಏನು ಮಾಡುತ್ತಾರೆ? ಕಣ್ಮರೆಯಾಗುತ್ತಾರೆ. 2023ರಲ್ಲಿ 9,000ಕ್ಕೂ ಹೆಚ್ಚು ಮಂದಿ ಹೀಗೆ ನಾಪತ್ತೆಯಾದರು. ಕಾನೂನು ಪ್ರಕಾರ ದುಡಿಯುತ್ತಿದ್ದವರನ್ನು ಆ ವ್ಯವಸ್ಥೆಯೇ ಅಕ್ರಮಕ್ಕೆ ತಳ್ಳಿತು. ಕೊನೆಗೆ 2024ರಲ್ಲಿ ಜಪಾನ್ ಆ ಯೋಜನೆಯನ್ನು ಕೈಬಿಡುವ ಕಾನೂನು ಮಾಡಿತು. 2027ರಿಂದ ಬರುವ ಹೊಸ ಪದ್ಧತಿಯಲ್ಲಿ ಒಂದೆರಡು ವರ್ಷ ದುಡಿದ ಮೇಲೆ, ಭಾಷೆ ಮತ್ತು ಕೌಶಲದ ಪರೀಕ್ಷೆ ಪಾಸಾದರೆ, ಅದೇ ಕಸುಬಿನಲ್ಲಿ ಬೇರೆ ಕಂಪನಿಗೆ ಹೋಗಬಹುದು. ಅಲ್ಲಿಗೆ ತಲುಪಲು ಮೂವತ್ತು ವರ್ಷ ಹಿಡಿಯಿತು.

'ಖರ್ಚು ಮಾಡಿ ಕರೆಸಿಕೊಂಡವರು ನಾವು, ಮೂರನೇ ತಿಂಗಳಿಗೇ ಬಿಟ್ಟುಹೋದರೆ?' ಎಂದು ಮಾಲೀಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕರೆಸಿದ ಖರ್ಚಿನಲ್ಲಿ ಉಳಿದ ಪಾಲನ್ನು ಹೊಸ ಮಾಲೀಕ ಹಳೆಯ ಮಾಲೀಕನಿಗೆ ಕೊಡಲಿ. ಅದು ಅವರಿಬ್ಬರ ನಡುವಿನ ಲೆಕ್ಕ. ಆ ಲೆಕ್ಕಕ್ಕೆ ಮನುಷ್ಯನನ್ನೇ ಒತ್ತೆ ಇಟ್ಟುಕೊಳ್ಳಬೇಕಾಗಿಲ್ಲ.

ಕೆಲಸ ಬದಲಾಯಿಸುವ ಹಕ್ಕು ಕೊಟ್ಟರೂ ಹೋಗಲು ಒಂದು ಜಾಗ ಬೇಕು. ಇಲ್ಲಿ ಬರುವುದು ಸರ್ಟಿಫಿಕೇಟಿನ ಗೋಳು. ಹತ್ತು ವರ್ಷ ಐಸಿಯುನಲ್ಲಿ ದುಡಿದ ನರ್ಸ್ ಒಬ್ಬರನ್ನು ನೆನೆಸಿಕೊಳ್ಳಿ. ಹೊಸ ದೇಶದಲ್ಲಿ ಅವರು ವೃದ್ಧಾಶ್ರಮದಲ್ಲಿ ಸಹಾಯಕಿ. ಹಾಸಿಗೆ ಬದಲಾಯಿಸಬಹುದು, ಊಟ ಮಾಡಿಸಬಹುದು. ಇಂಜೆಕ್ಷನ್ ಕೊಡುವಂತಿಲ್ಲ. ಅಜ್ಜ ಒಬ್ಬರ ಉಸಿರಾಟ ಏರುಪೇರಾದದ್ದು ಎಲ್ಲರಿಗಿಂತ ಮೊದಲು ಇವರಿಗೇ ಗೊತ್ತಾಗುತ್ತದೆ, ಆದರೆ ಇವರು ಬಾಗಿಲ ಬಳಿ ಹೋಗಿ ಇನ್ನೊಬ್ಬರನ್ನು ಕರೆಯಬೇಕು. ಇವರ ಫೈಲು ಯಾವುದೋ ಮೇಜಿನ ಮೇಲಿದೆ. ಕಾಲೇಜಿನಲ್ಲಿ ಯಾವ ವಿಷಯಕ್ಕೆ ಎಷ್ಟು ಗಂಟೆ ಪಾಠ ಆಯಿತು ಎಂಬ ಪಟ್ಟಿ ಬೇಕಂತೆ. ಅದರ ಅನುವಾದ, ಅನುವಾದಕ್ಕೊಂದು ಸೀಲು. ತಿಂಗಳುಗಳು ಉರುಳುತ್ತವೆ. ಇನ್ನೊಂದು ಕಡೆ ಆಸ್ಪತ್ರೆಯವರು 'ನರ್ಸ್‌ಗಳೇ ಸಿಗುತ್ತಿಲ್ಲ' ಎನ್ನುತ್ತಾರೆ. ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಇಲ್ಲಿ.

ಪರೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ರೋಗಿಯ ಜೀವದ ವಿಷಯ ಅದು. ಆದರೆ ನಿನಗೆ ಬರುವುದು ಇಷ್ಟು, ಕಲಿಯಬೇಕಾದದ್ದು ಇಷ್ಟು ಎಂದು ಬೇಗ ಹೇಳಿಬಿಡಬೇಕು. ಜರ್ಮನಿ 2012ರಲ್ಲಿ ತಂದ ಕಾನೂನಿನ ಪ್ರಕಾರ, ಹೊರದೇಶದಲ್ಲಿ ಕಲಿತವರು ತಮ್ಮ ಓದನ್ನು ಅಲ್ಲಿನದರ ಜೊತೆ ಹೋಲಿಸಿ ನೋಡಿ ಎಂದು ಹಕ್ಕಿನಿಂದ ಕೇಳಬಹುದು. ಕೊರತೆ ಇದ್ದರೆ ನರ್ಸ್‌ಗಳು ಒಂದು ಪರೀಕ್ಷೆ ಬರೆಯಬಹುದು, ಇಲ್ಲವೇ ಆಸ್ಪತ್ರೆಯಲ್ಲೇ ತರಬೇತಿ ಪಡೆದು ಅದನ್ನು ತುಂಬಿಕೊಳ್ಳಬಹುದು. ಕಚೇರಿಗಳು ನಿಧಾನ ಎಂಬ ಗೊಣಗಾಟ ಅಲ್ಲಿಯೂ ಇದೆ. ಆದರೂ ಕೇಳಲು ಒಂದು ಬಾಗಿಲಿದೆಯಲ್ಲ.

ಅದೇ ಜರ್ಮನಿ ಒಂದು ಕಾಲದಲ್ಲಿ ಇದನ್ನೆಲ್ಲ ಯೋಚಿಸಿರಲೇ ಇಲ್ಲ. 1961ರಲ್ಲಿ ಟರ್ಕಿಯ ಜೊತೆ ಒಪ್ಪಂದ ಆದಾಗ ಲೆಕ್ಕಾಚಾರ ಸರಳವಾಗಿತ್ತು: ಎರಡು ವರ್ಷ ದುಡಿಸಿಕೊಂಡು ಕಳಿಸುವುದು, ಹೊಸಬರನ್ನು ಕರೆಸುವುದು. ಕಲಿಸಿದ ಕೈಗಳನ್ನು ಕಳಿಸಿ ಮತ್ತೆ ಮೊದಲಿನಿಂದ ಕಲಿಸುವುದು ನಷ್ಟ ಎಂದು ಕಾರ್ಖಾನೆಯವರೇ ಹೇಳಿದ ಮೇಲೆ 1964ರಲ್ಲಿ ಆ ಮಿತಿ ಹೋಯಿತು. ಅದೇ ವರ್ಷ ಹತ್ತು ಲಕ್ಷನೇ ಅತಿಥಿ ಕಾರ್ಮಿಕನಾಗಿ ಕಲೋನ್ ನಗರಕ್ಕೆ ಬಂದಿಳಿದ ಪೋರ್ಚುಗಲ್‌ನ ಬಡಗಿಯೊಬ್ಬರಿಗೆ ಮೊಪೆಡ್ ಉಡುಗೊರೆ ಕೊಟ್ಟು ಫೋಟೋ ತೆಗೆದರು. ಭಾಷೆ ಮಾತ್ರ ಕಲಿಸಲಿಲ್ಲ. 1973ರಲ್ಲಿ ನೇಮಕಾತಿ ನಿಂತಿತು. ಆದರೂ ಲಕ್ಷಾಂತರ ಜನ ಅಲ್ಲೇ ಉಳಿದರು, ಸಂಸಾರ ಕರೆಸಿಕೊಂಡರು, ಮಕ್ಕಳು ಶಾಲೆಗೆ ಹೋದರು. ದೇಶಕ್ಕೆಲ್ಲ ಒಂದೇ ರೀತಿಯ ಭಾಷಾ ತರಗತಿ ಕಾನೂನಿನ ಮೂಲಕ ಬಂದದ್ದು 2005ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಭಾಷೆ ಬಾರದೆಯೇ ಅಸೆಂಬ್ಲಿ ಲೈನಿನಲ್ಲಿ ದುಡಿದು ನಿವೃತ್ತಿಯಾಗಿತ್ತು. ನಿಂತ ಜಾಗದಿಂದ ಮೇಲೆ ಹೋಗಲು ಅವರಿಗೆ ದಾರಿಯೇ ಇರಲಿಲ್ಲ.

ಈಗಿನವರಿಗಾದರೂ ಶಿಫ್ಟ್ ಮುಗಿಸಿ ರಾತ್ರಿ ಒಂಬತ್ತಕ್ಕೆ ಕ್ಲಾಸಿಗೆ ಹೋಗು ಎನ್ನಬಾರದು. ಕೆಲಸದ ಅವಧಿಯಲ್ಲೇ, ಸಂಬಳ ಕೊಟ್ಟೇ ಕಲಿಸಬೇಕು. ಮೊದಲ ಪಾಠದಲ್ಲೇ ಯಂತ್ರದ ಎಚ್ಚರಿಕೆ ಫಲಕ ಓದುವುದನ್ನೂ ಪೇ ಸ್ಲಿಪ್ ಓದುವುದನ್ನೂ ಕಲಿಸಬೇಕು.

ಇಷ್ಟೆಲ್ಲ ಆದರೂ ಒಂದು ಕಟ್ಟು ಉಳಿಯುತ್ತದೆ, ಸಾಲ. ಏಜೆಂಟನಿಗೆ ಕೊಡಲು ಬಡ್ಡಿಗೆ ಹಣ ತಂದು ವಿಮಾನ ಹತ್ತಿದವನಿಗೆ ಯಾವ ಕಾನೂನು ಯಾವ ಹಕ್ಕು ಕೊಟ್ಟರೂ ಅಷ್ಟಕ್ಕಷ್ಟೇ. ಆ ಸಾಲ ತೀರುವವರೆಗೆ ಅವನು ಕೆಲಸ ಬಿಡುವುದಿಲ್ಲ. ಕೆಲಸಗಾರರಿಂದ ಶುಲ್ಕ ತೆಗೆದುಕೊಳ್ಳಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಪ್ಪಂದ ಹೇಳುತ್ತದೆ. ದಕ್ಷಿಣ ಕೊರಿಯಾ 2004ರಿಂದ ಸರ್ಕಾರಗಳ ನಡುವೆಯೇ ನೇಮಕಾತಿ ಮಾಡಿಕೊಂಡು ಖಾಸಗಿ ಏಜೆಂಟರನ್ನು ಹೊರಗಿಟ್ಟಿದೆ. ಆದರೆ ಅಲ್ಲಿಯೂ ಕಂಪನಿ ಬದಲಾಯಿಸಲು ಮೂರು ವರ್ಷದಲ್ಲಿ ಮೂರೇ ಅವಕಾಶ, ಅದಕ್ಕೂ ಸರಿಯಾದ ಕಾರಣ ತೋರಿಸಬೇಕು. ಮನುಷ್ಯರನ್ನು ಕರೆಸುವ ದೇಶಗಳು ಇವೆರಡನ್ನೂ ಒಟ್ಟಿಗೆ ಮಾಡಲಿ. ನೇಮಕಾತಿಯ ಪೂರ್ತಿ ಖರ್ಚು ಮಾಲೀಕನೇ ಹಾಕಲಿ, ಪರ್ಮಿಟ್ ಕೆಲಸಗಾರನ ಕೈಯಲ್ಲಿರಲಿ.