ಗೊತ್ತಿಲ್ಲ ಆಂಟಿ, ಸಿಸ್ಟರ್ ಕೊಟ್ರು

ನಿನ್ನೆಯಿಂದ ತಲೆ ಕೆಟ್ಟಿದೆ. ಅತ್ತೆಯನ್ನು ಆಸ್ಪತ್ರೆಗೆ ಅಡ್ಮಿಟ್ ಮಾಡಿದ್ದೇವೆ. ನರ್ಸಿಂಗ್ ಕಲಿಸುವ ನಾನು ಈ ಸಲ ಸಿಸ್ಟರ್ ಅಲ್ಲ, ಪೇಷಂಟ್ ಕಡೆಯವಳು. "ಅಮ್ಮಾ, ಅಲ್ಲಿ ಹೋಗಿ ಯಾರಿಗೂ ಪಾಠ ಮಾಡಬೇಡ" ಅಂತ ಮಗ ಆಣೆ ಹಾಕಿಸಿಕೊಂಡಿದ್ದ. ಎರಡು ದಿನ ಸ್ಟೂಲ್ ಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದೆ, ನಂಬಿ.

ಮೂರನೇ ದಿನ ಬೆಳಗ್ಗೆ ಒಬ್ಬಳು ನರ್ಸಿಂಗ್ ಸ್ಟೂಡೆಂಟ್ ಬಂದಳು. ಸೆಕೆಂಡ್ ಇಯರ್ ಇರಬೇಕು. ಕೈಯಲ್ಲಿ ಕಿಡ್ನಿ ಟ್ರೇ, ಅದರಲ್ಲಿ ಮೂರು ಸಿರಿಂಜ್. ಮೂರರಲ್ಲೂ ನೀರಿನ ಹಾಗಿರುವ ಔಷಧಿ, ಒಂದರ ಮೇಲೂ ಒಂದಕ್ಷರ ಬರೆದಿಲ್ಲ. ಬೆಡ್ ನಂಬರ್ ನೋಡಿದಳು, ಒಂದು ಸಿರಿಂಜ್ ಎತ್ತಿಕೊಂಡು ಅತ್ತೆಯ ಕೈಗೆ ಚುಚ್ಚಿಟ್ಟಿದ್ದ ಸಣ್ಣ ನಳಿಕೆ, ಕ್ಯಾನುಲಾ ಕಡೆ ಬಗ್ಗಿದಳು. ಆಣೆ ಅಲ್ಲಿಗೇ ಮುಗಿಯಿತು.

"ಏನಮ್ಮಾ ಇದು?"

"ಗೊತ್ತಿಲ್ಲ ಆಂಟಿ, ಸಿಸ್ಟರ್ ಲೋಡ್ ಮಾಡಿ ಕೊಟ್ರು. ಹನ್ನೆರಡನೇ ಬೆಡ್‌ಗೆ ಹಾಕು ಅಂದ್ರು."

ಪಾಪ, ಸುಳ್ಳು ಹೇಳಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೆಸರು ಬರೆಯದ ಸಿರಿಂಜನ್ನು ಒಂದು ಮಗುವಿನ ಕೈಗೆ ಕೊಟ್ಟು ಒಬ್ಬಳನ್ನೇ ಕಳಿಸಿದವರ ಮೇಲೆ ಸಿಟ್ಟು. ಸರಿಯಾದ ರೋಗಿ, ಸರಿಯಾದ ಔಷಧಿ, ಡೋಸ್, ಕೊಡುವ ದಾರಿ, ಸಮಯ ಅಂತ ಈ ಐದನ್ನು ನಾವೇ ಉರು ಹೊಡೆಸುತ್ತೇವೆ. ಆಮೇಲೆ ವಾರ್ಡಿನಲ್ಲಿ ನಾವೇ ಬೇರೆಯವರು ತುಂಬಿದ ಸಿರಿಂಜ್ ಕೊಟ್ಟು ಓಡಿಸುತ್ತೇವೆ. ಒಳಗಿರುವುದು ಏನು, ಎಷ್ಟು ಅಂತಲೇ ಗೊತ್ತಿಲ್ಲದವಳು ಇನ್ನೇನು ಚೆಕ್ ಮಾಡುತ್ತಾಳೆ?

ಪೊಟ್ಯಾಸಿಯಂ ಕ್ಲೋರೈಡ್ ಕೂಡ ನೋಡೋಕೆ ನೀರೇ. ಡ್ರಿಪ್‌ಗೆ ಬೆರೆಸಿ ನಿಧಾನವಾಗಿ ಕೊಡಬೇಕಾದ ಅದನ್ನು ಹಾಗೇ ನರಕ್ಕೆ ತಳ್ಳಿದರೆ ಹೃದಯ ನಿಂತುಹೋಗಬಹುದು. ಇನ್ಸುಲಿನ್ ವಿಷಯ ತಗೊಳ್ಳಿ. ಒಂದು ಎಂಎಲ್‌ಗೆ 40 ಯೂನಿಟ್ ಇರುವ ಪುಟ್ಟ ಬಾಟಲಿಗೆ ಕೆಂಪು ಕ್ಯಾಪಿನ ಸಿರಿಂಜ್, 100 ಇರುವುದಕ್ಕೆ ಕಿತ್ತಳೆ ಕ್ಯಾಪ್. ನೂರರದ್ದನ್ನು ಕೆಂಪು ಕ್ಯಾಪಿನದರಲ್ಲಿ ಎಳೆದರೆ ಡೋಸ್ ಎರಡೂವರೆ ಪಟ್ಟು. ಲೋಡ್ ಮಾಡುವಾಗ ಪಕ್ಕದಲ್ಲಿ ನಿಂತು ಯಾರಾದರೂ ತೋರಿಸಿದರೆ ತಾನೇ ಇದು ತಲೆಗೆ ಹೋಗುವುದು?

"ಸ್ಟಾಫ್ ಎಲ್ಲಿದಾರೆ ಮೇಡಂ, ನಲವತ್ತು ಪೇಷಂಟಿಗೆ ಇಬ್ಬರು" ಅಂತ ಕಾಮೆಂಟ್ ಹಾಕುವವರು ಹಾಕಿ. ನಾನೂ ಆ ನೈಟ್ ಡ್ಯೂಟಿ ಮಾಡಿದವಳೇ. ಸ್ಟಾಫ್ ಇಲ್ಲದಿದ್ದರೆ ಸ್ಟಾಫ್ ತಗೊಳ್ಳಿ. ಫೀಸು ಕಟ್ಟಿ ಕಲಿಯೋಕೆ ಬಂದವಳು ಸಂಬಳವಿಲ್ಲದ ಸ್ಟಾಫಾ? ಇನ್ನು ಟ್ಯೂಟರ್‌ಗಳು, ಅಂದರೆ ನನ್ನ ಜಾತಿಯವರೇ, ಬೆಳಗ್ಗೆ ಅಟೆಂಡೆನ್ಸ್ ಹಾಕಿ ಮಾಯ. ಇಂಜೆಕ್ಷನ್ ಹಾಕುವವಳು ಹುಡುಗಿ, ಚಾರ್ಟಿನಲ್ಲಿ ಸೈನ್ ಸಿಸ್ಟರ್‌ದು. ಎಡವಟ್ಟಾದ ದಿನ ಮಾತ್ರ "ಸ್ಟೂಡೆಂಟ್ ಮಾಡಿದ್ದು" ಅನ್ನುತ್ತಾರೆ.

ಔಷಧಿಯ ತಪ್ಪುಗಳಿಂದ ಆಗುವ ದೊಡ್ಡ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸೋಣ ಅಂತ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕರೆ ಕೊಟ್ಟಿತ್ತು. ನಾವು ಏನು ಕಮ್ಮಿ? ಪ್ರತಿ ಸೆಪ್ಟೆಂಬರ್ 17ಕ್ಕೆ ರೋಗಿ ಸುರಕ್ಷತಾ ದಿನ ಅಂತ ಕಾರಿಡಾರಿನಲ್ಲಿ ರಂಗೋಲಿ ಹಾಕಿಸುತ್ತೇವೆ. ಫಸ್ಟ್ ಪ್ರೈಜ್ ಸ್ಟೀಲ್ ಡಬ್ಬಿ.

ಇಷ್ಟು ಕೂಗಾಡುವುದಕ್ಕೆ ಒಂದು ಕಾರಣ ಇದೆ, ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನಾನು ಸೆಕೆಂಡ್ ಇಯರ್‌ನಲ್ಲಿದ್ದಾಗ ಫೀಮೇಲ್ ವಾರ್ಡಿನಲ್ಲಿ "ಲಕ್ಷ್ಮಮ್ಮ ಅಲ್ವಾ?" ಅಂತ ಕೇಳಿದೆ. "ಹೂಂ ಕಣವ್ವಾ" ಅಂದರು. ಬಿಪಿ ಮಾತ್ರೆ ಕೊಟ್ಟು ನೀರು ಕುಡಿಸಿದೆ. ಅವರು ರಂಗಮ್ಮ. ಕಿವಿ ಮಂದ, ಏನು ಕೇಳಿದರೂ ಹೂಂ. ಯಾರಿಗೂ ಹೇಳಲಿಲ್ಲ ನಾನು. ಡ್ಯೂಟಿ ಮುಗಿಯುವವರೆಗೂ ಅರ್ಧ ಗಂಟೆಗೊಮ್ಮೆ ಹೋಗಿ ಅವರ ನಾಡಿ ಹಿಡಿದುಕೊಂಡು ಕೂರುತ್ತಿದ್ದೆ. "ಯಾಕವ್ವಾ?" ಅಂದರೆ "ಸುಮ್ನೆ" ಅನ್ನುತ್ತಿದ್ದೆ. ಅವರಿಗೆ ಏನೂ ಆಗಲಿಲ್ಲ, ನನ್ನ ಪುಣ್ಯ. ಇದನ್ನು ಬರೆಯುವಾಗಲೂ ಕೈ ಬೆವರುತ್ತಿದೆ.

ನಿನ್ನೆ ಆ ಹುಡುಗಿಯ ಜೊತೆ ನರ್ಸಿಂಗ್ ಸ್ಟೇಷನ್‌ಗೆ ಹೋದೆ. ಸಿಸ್ಟರ್ ಮುಖ ಗಂಟು ಹಾಕಿಕೊಂಡೇ ಮೂರೂ ಸಿರಿಂಜ್ ಚೆಲ್ಲಿದರು, ಚಾರ್ಟ್ ತೆಗೆದು, ಹೊಸ ಆಂಪೂಲ್ ಒಡೆದು ಅವಳ ಕೈಯಲ್ಲೇ ಎಳೆಸಿದರು. ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್, 4 ಮಿಲಿಗ್ರಾಂ. ವಾಪಸ್ ಬರುವಾಗ ಅವಳಿಗೆ ಹೇಳಿದೆ, ಹೆಸರು ನೀನು ಹೇಳಬೇಡ, ಅವರ ಬಾಯಲ್ಲೇ ಹೇಳಿಸು ಅಂತ.

"ಅಜ್ಜಿ, ನಿಮ್ಮ ಹೆಸರೇನು?"

ಅತ್ತೆ ಒಂದು ಕಣ್ಣು ಬಿಟ್ಟರು. "ಮೂರು ದಿನದಿಂದ ಚುಚ್ತಾ ಇದೀರಿ, ಈಗ ಹೆಸರು ಕೇಳ್ತೀಯಾ?"