ಡ್ಯಾಮು ಮಾತಾಡಿತ್ರಿ

ಸಿಂಗಪುರದಲ್ಲಿ ನನ್ನ ಮಗಳು ಐದನೇ ತರಗತಿ ಓದುತ್ತಿದ್ದಾಳೆ. ಅಲ್ಲಿ ಇಂಗ್ಲಿಷ್ ಜೊತೆಗೆ ತಾಯ್ನುಡಿ ಅಂತ ಇನ್ನೊಂದು ಭಾಷೆ ಕಲಿಯಬೇಕು. ನಮ್ಮ ಕಡೆಯ ಭಾಷೆಗಳಲ್ಲಿ ತಮಿಳು, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಸಿಗುತ್ತವೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಕೊಪ್ಪಳದ ಅಜ್ಜಿಯ ಮೊಮ್ಮಗಳಿಗೆ ಕಾಗದದ ಮೇಲೆ ತಾಯ್ನುಡಿ ಹಿಂದಿ! ಆರನೇ ತರಗತಿ ಕೊನೆಯ ಪಿಎಸ್‌ಎಲ್‌ಇ ಪರೀಕ್ಷೆಯಲ್ಲಿ ಅದನ್ನು ಮಾತಾಡಿಯೂ ತೋರಿಸಬೇಕು. ಇವಳೋ, ಹೊರಗಿನವರ ಮುಂದೆ ಬಾಯೇ ಬಿಡದ ಹುಡುಗಿ.

ಅದಕ್ಕೆ ಅವಳ ಟೀಚರ್ ಮಾತಾಡುವ ಅವತಾರ್ ಮಾಡಿಸಿದರು. ಪರದೆ ಮೇಲೆ ಒಂದು ಮುಖ ಆರಿಸಿ, ಅದಕ್ಕೆ ಕೂದಲು, ಕನ್ನಡಕ, ಬಟ್ಟೆ ಹಾಕಬೇಕು. ಆಮೇಲೆ ಮಾತು ಟೈಪ್ ಮಾಡಿದರೆ ಯಂತ್ರ ಓದುತ್ತೆ. ಬೇಕಾದರೆ ನಮ್ಮ ದನಿಯನ್ನೇ ರೆಕಾರ್ಡ್ ಮಾಡಬಹುದು. ತುಟಿ ತಾನಾಗಿ ಆಡುತ್ತೆ. ವೋಕಿಯಂಥ ತಾಣಗಳು ಇದನ್ನು ಎಷ್ಟೋ ವರ್ಷಗಳಿಂದ ಶಾಲೆಗಳಿಗೆ ಕೊಡುತ್ತಿವೆ. ಪ್ರತಿ ಮಗುವಿಗೂ ಒಂದು ಟ್ಯಾಬ್, ಒಂದು ಹೆಡ್‌ಫೋನ್. ತರಗತಿಯಲ್ಲಿ ಸದ್ದೇ ಇಲ್ಲ. ನನ್ನ ಮಗಳು ಟೈಪ್ ಮಾಡುವ ದಾರಿ ಹಿಡಿದಳು. ಹಿಂದಿ ಮುತ್ತು ಉದುರಿದ ಹಾಗೆ ಬಂತು, ಆದರೆ ಅವಳ ಬಾಯಿಂದ ಅಲ್ಲ. ಟೀಚರ್ ಮೆಚ್ಚಿಕೊಂಡರು. ನನಗೇನೋ ಸರಿ ಅನ್ನಿಸಲಿಲ್ಲ.

ರಜೆಗೆ ಊರಿಗೆ ಹೋದಾಗ ಇದನ್ನು ನನ್ನ ಅಕ್ಕನಿಗೆ ಹೇಳಿದೆ. ಅವಳು ಕೊಪ್ಪಳ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ತರಗತಿಯಲ್ಲಿ 40 ಮಕ್ಕಳು, ಎಲ್ಲರಿಗೂ ಸೇರಿ ಒಂದೇ ಫೋನು, ಅದೂ ಅಕ್ಕನದೇ. ಅದರಲ್ಲಿ ಚಾಟರ್‌ಪಿಕ್ಸ್ ಅಂತ ಒಂದು ಆ್ಯಪ್ ಹಾಕಿಕೊಟ್ಟೆ. ಯಾವುದಾದರೂ ಚಿತ್ರದ ಫೋಟೊ ತೆಗೆದು, ಬಾಯಿ ಇರಬೇಕಾದ ಕಡೆ ಬೆರಳಲ್ಲಿ ಒಂದು ಗೆರೆ ಎಳೆದು, 30 ಸೆಕೆಂಡು ಮಾತಾಡಿದರೆ ಸಾಕು, ಆ ಗೆರೆ ಬಾಯಿಯಾಗಿ ಆಡುತ್ತೆ.

ಒಬ್ಬ ಹುಡುಗ ತುಂಗಭದ್ರಾ ಡ್ಯಾಮಿನ ಚಿತ್ರ ಬರೆದಿದ್ದ. ಮುನಿರಾಬಾದ್ ಅವರಿಗೆ ಹತ್ತಿರ, ನೋಡದ ಮಕ್ಕಳಿಲ್ಲ. ತರಗತಿಯಲ್ಲಿ ಗದ್ದಲ ಅಂತ ಅವನನ್ನು ಬಿಸಿಯೂಟದ ಅಕ್ಕಿ ಮೂಟೆ ಇಡುವ ಕೋಣೆಗೆ ಕಳಿಸಿದೆವು. ಮೊದಲ ಸಲ ಡ್ಯಾಮು ಕಟ್ಟಿದ ಕತೆಯಿಂದಲೇ ಶುರು ಮಾಡಿದ, 30 ಸೆಕೆಂಡು ಅಲ್ಲೇ ಮುಗಿಯಿತು. ಎರಡನೇ ಸಲವೂ ಹಾಗೇ. ಹೊರಗೆ ಬಂದು ನೋಟ್‌ಬುಕ್ಕಿನಲ್ಲಿ ಅರ್ಧಕ್ಕರ್ಧ ಹೊಡೆದುಹಾಕಿದ. ಮೂರನೇ ಸಲ ಡ್ಯಾಮು ಹೀಗಂತು: "ನಾ ತುಂಗಭದ್ರಾ ಡ್ಯಾಮ್ ಅದೀನ್ರಿ. ನನಗ 33 ಗೇಟ್ ಅದಾವ್ರಿ. 2024ರ ಆಗಸ್ಟ್ 10ಕ್ಕ ರಾತ್ರಿ ಚೈನ್ ಕಡದು 19ನೇದ್ದು ಹರ್ಕೊಂಡು ಹೋತ್ರಿ. ನೀರೆಲ್ಲ ಹೊಂಟಿತ್ರಿ, ರೈತರು ಅಳಾಕತ್ತಿದ್ರು. ವಾರದಾಗ ತಡಿ ಹಾಕಿದ್ರು ನೋಡ್ರಿ, ಆಗ ಉಸ್ ಅಂದೆ."

ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಆ ಹುಡುಗ ಅಕ್ಕಿ ಮೂಟೆ ನಡುವೆ ಒದ್ದಾಡಿದನಲ್ಲ, ಕಲಿಕೆ ಆಗಿದ್ದು ಅಲ್ಲಿ ಅಂತ ನನಗನ್ನಿಸಿತು. ಟೈಪ್ ಮಾಡಿದ್ದರೆ ಯಂತ್ರ ಅವನ 'ಅದಾವ್ರಿ'ಯನ್ನು ಹೇಗೆ ಓದುತ್ತಿತ್ತೋ! ಪಾಠದ ಪುಸ್ತಕದ ಭಾಷೆಯಲ್ಲೇ ಬರೆಯಬೇಕು ಅಂದಿದ್ದರೆ ಆ 'ಉಸ್' ಹುಟ್ಟುತ್ತಲೇ ಇರಲಿಲ್ಲ.

ಅಕ್ಕ ಮಾತ್ರ ಆಶ್ಚರ್ಯಪಡಲಿಲ್ಲ. "ಇದು ತೊಗಲು ಗೊಂಬೆ ಆಟನ ಅಲ್ಲೇನೋ?" ಅಂದಳು. ಹೌದಲ್ವಾ! ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ಆಟಕ್ಕೆ. ಬಿಳಿ ಪರದೆ, ಹಿಂದೆ ದೀಪ, ಬಣ್ಣ ಹಚ್ಚಿದ ತೊಗಲು. ರಾವಣನೂ ಹನುಮನೂ ಮಾತಾಡುವುದು ಪರದೆ ಹಿಂದೆ ಕೂತವರ ದನಿಯಲ್ಲಿ. ಮುಖ ಮರೆಯಾಗಿದ್ದರೆ ನಾಚಿಕೆ ಹೋಗುತ್ತೆ, ದನಿ ಮಾತ್ರ ಸ್ವಂತದ್ದೇ ಇರಬೇಕು. ಸಿಂಗಪುರದ ಟ್ಯಾಬು ನನ್ನ ಮಗಳ ಮುಖದ ಜೊತೆ ದನಿಯನ್ನೂ ಮರೆ ಮಾಡಿತ್ತು.

ಅವತಾರ್‌ಗಳೇ ಪಾಠ ಮಾಡಲಿ ಅನ್ನುವವರೂ ಇದ್ದಾರೆ. 2024ರಲ್ಲಿ ತಿರುವನಂತಪುರದ ಒಂದು ಶಾಲೆಗೆ ಐರಿಸ್ ಅಂತ ಸೀರೆಯುಟ್ಟ ರೋಬೋ ಟೀಚರೇ ಬಂತು. ಬರಲಿ. ಆದರೆ ಕೊಪ್ಪಳದ ಶಾಲೆಗೆ ದುಡ್ಡು ಹಾಕುವವರು ನನ್ನನ್ನು ಕೇಳಿದರೆ, ಮಾತಾಡುವ ಟೀಚರ್ ಬೇಡ, ಸದ್ದು ಕಡಿಮೆ ಇರುವ ಒಂದು ಕೋಣೆ, ನಾಲ್ಕು ಫೋನು ಕೊಡಿ ಅಂತೀನಿ. ಸದ್ಯಕ್ಕೆ ಒಂದು ಫೋನಿಗೆ 40 ಮಕ್ಕಳು ಕಾಯಬೇಕು. ಮೂರು ದಿನದಲ್ಲಿ ಹನ್ನೊಂದು ಮಕ್ಕಳದ್ದಷ್ಟೇ ಆಯಿತು. ಆ ವಿಷಯದಲ್ಲಿ ಸಿಂಗಪುರದ ಮುಂದೆ ನಾವು ಸೋತೆವು, ಸುಮ್ನೆ ಹೊಗಳಿಕೊಳ್ಳಬಾರದು.

ವಾಪಸ್ ಬಂದ ಮೇಲೆ ಮಗಳಿಗೆ ಡ್ಯಾಮಿನ ವಿಡಿಯೊ ತೋರಿಸಿದೆ. ಹತ್ತು ಸಲ ನೋಡಿದಳು. ಆಮೇಲೆ ಸಿಂಹದ ತಲೆ, ಮೀನಿನ ಮೈ ಇರುವ ಮೆರ್ಲಯನ್ ಪ್ರತಿಮೆಯ ಚಿತ್ರಕ್ಕೆ ಬಾಯಿ ಕೊಟ್ಟು, ತನ್ನದೇ ದನಿಯಲ್ಲಿ, ಕನ್ನಡದಲ್ಲೇ ಮಾತಾಡಿದಳು: "ನಮಸ್ಕಾರ. ನಾನು ಸಿಂಗಪುರದ ಮೆರ್ಲಯನ್. ನನ್ನ ಬಾಯಿಂದ ನೀರು ಬರುತ್ತದೆ." ಅಕ್ಕನಿಗೆ ಕಳಿಸಿದೆವು. ಮಾರನೇ ದಿನ ತರಗತಿಯಿಂದ ಉತ್ತರ ಬಂತು. ಯಾವುದೋ ಹುಡುಗಿ ಕೇಳಿದ್ದಳು: "ಅಕ್ಕೋರ, ಇದು ಹುಡುಗಿ ಮಾತಾಡಿದ್ದೇನ್ರಿ, ಮಷಿನ್ ಮಾತಾಡಿದ್ದೇನ್ರಿ?"

ಮಗಳು ಈಗ ಬಾಗಿಲು ಹಾಕಿಕೊಂಡು ಮತ್ತೆ ರೆಕಾರ್ಡ್ ಮಾಡುತ್ತಿದ್ದಾಳೆ. ಆಚೆಯಿಂದ ಕೇಳಿಸುತ್ತಿದೆ, 'ರೀ' ಸ್ವಲ್ಪ ಜಾಸ್ತಿಯೇ ಆಗಿದೆ.