ಲ್ಯಾಕ್ಸ್ಟನ್‌ನ ಗೂಟ, ನಮ್ಮೂರಿನ ಬದು

ಒತ್ತುವರಿ ಎಂದರೆ ತಾಲ್ಲೂಕು ಕಚೇರಿ, ವಕೀಲರು, ವಾಯಿದೆ ಎಂದೇ ತಿಳಿದ ನಮಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್ಟನ್ ಹಳ್ಳಿ ಅಚ್ಚರಿ ಹುಟ್ಟಿಸುತ್ತದೆ. ಅಲ್ಲಿ ಒತ್ತುವರಿ ಪತ್ತೆ ಹಚ್ಚುವವರು ಪಕ್ಕದ ಹೊಲದವರೇ.

18 ಮತ್ತು 19ನೇ ಶತಮಾನದಲ್ಲಿ ಪಾರ್ಲಿಮೆಂಟಿನ ಕಾಯ್ದೆಗಳು ಇಂಗ್ಲೆಂಡಿನ ಬಯಲು ಹೊಲಗಳಿಗೆಲ್ಲ ಬೇಲಿ ಹಾಕಿಸಿದಾಗಲೂ ಲ್ಯಾಕ್ಸ್ಟನ್ ಉಳಿದುಕೊಂಡಿತು. ವೆಸ್ಟ್, ಮಿಲ್, ಸೌತ್ ಎಂದು ಮೂರು ಬಯಲು; ಒಂದೊಂದರಲ್ಲೂ ಹಲವು ರೈತರ ಉದ್ದನೆಯ ಪಟ್ಟಿಗಳು, ನಡುವೆ ಬೇಲಿಯಿಲ್ಲ. ಒಂದಕ್ಕೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬಿತ್ತನೆ, ಮೂರನೆಯದು ಬೀಳು ಅಥವಾ ಮೇವು. ವರ್ಷಕ್ಕೊಮ್ಮೆ ಸರದಿ ತಿರುಗುತ್ತದೆ. 1635ರಲ್ಲಿ ಮಾರ್ಕ್ ಪಿಯರ್ಸ್ ಬರೆದ ಊರ ನಕ್ಷೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ.

ನವೆಂಬರ್ ಕೊನೆಗೆ ರೈತರದೇ ಜ್ಯೂರಿ ಹೊಸದಾಗಿ ಗೋಧಿ ಬಿತ್ತಿದ ಬಯಲನ್ನು ನಡೆದು ನೋಡುತ್ತದೆ. ಉಳುವಾಗ ನೇಗಿಲು ಒಂದು ಸಾಲು ಮುಂದೆ ಹೋದರೂ ಹೊಲದ ದಾರಿಯೋ, ‘ಸೈಕ್’ ಎನ್ನುವ ಹುಲ್ಲಿನ ತಗ್ಗೋ ಅಷ್ಟು ಕಿರಿದಾಗುತ್ತದೆ. ಅಲ್ಲೇ ಗೂಟ ಹೊಡೆದು ಎಲ್ಲೆ ತೋರಿಸುತ್ತಾರೆ. ಹೂಳು ತೆಗೆಯದೆ ಬಿಟ್ಟ ಕಾಲುವೆಯೂ ಲೆಕ್ಕಕ್ಕೆ ಬರುತ್ತದೆ. ವಾರದ ಮೇಲೆ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ‘ಕೋರ್ಟ್ ಲೀಟ್’ ಎಂಬ ಹಳೆಯ ಕಾಲದ ಊರ ನ್ಯಾಯಸಭೆ ಕೂಡುತ್ತದೆ. ದಂಡ ಕೆಲವೇ ಪೌಂಡು, ಆದರೆ ಕಟ್ಟುವುದು ಊರವರೆದುರು! 1977ರ ಕಾಯ್ದೆ ಇಂಥ ಹಳೆಯ ಕೋರ್ಟುಗಳ ಅಧಿಕಾರ ಕಿತ್ತುಕೊಂಡಾಗ ಲ್ಯಾಕ್ಸ್ಟನ್‌ನದಕ್ಕೆ ವಿನಾಯಿತಿ ಕೊಟ್ಟಿತು.

ನಮ್ಮಲ್ಲಿ ಬದು ವರ್ಷಕ್ಕೊಂದು ಗೇಣು ಸವೆಯುವುದನ್ನು ಊರೆಲ್ಲ ನೋಡುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಸರ್ವೆ ಕಲ್ಲು ಕಾಣೆಯಾದ ಮೇಲೆ ಹದ್ದುಬಸ್ತಿಗೆ ಅರ್ಜಿ, ಅಳತೆಯ ದಿನ ತಕರಾರು, ಆಮೇಲೆ ಸಿವಿಲ್ ದಾವೆ. ಅಷ್ಟರಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿರುತ್ತಾರೆ. ಗೋಮಾಳದ ಪಾಡಂತೂ ಕೇಳುವುದೇ ಬೇಡ. ಬಿತ್ತನೆ ಮುಗಿದ ಬೆನ್ನಿಗೇ ಊರಿನ ಹತ್ತು ಜನ ಹೊಲ ಸುತ್ತಿ ಬರಲು ಯಾವ ಸರ್ಕಾರಿ ಆದೇಶ ಬೇಕು?

ಒಂದು ಮಾತು ಮಾತ್ರ ಒಪ್ಪಲೇಬೇಕು. ಲ್ಯಾಕ್ಸ್ಟನ್‌ನಲ್ಲಿ ಈ ಬಯಲು ಉಳುವವರು ಗೇಣಿದಾರರು. ಅರ್ಲ್ ಮ್ಯಾನ್ವರ್ಸ್ ಮನೆತನದ ಭೂಮಿ 1952ರಲ್ಲಿ ಕೃಷಿ ಸಚಿವಾಲಯಕ್ಕೆ, 1981ರಲ್ಲಿ ರಾಜಪೀಠದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ, 2020ರಲ್ಲಿ ಮತ್ತೆ ಅದೇ ಮನೆತನದ ಥೋರ್ಸ್ಬಿ ಎಸ್ಟೇಟಿಗೆ ಹೋಯಿತು. ಎಲ್ಲರ ಮೇಲೂ ಒಬ್ಬನೇ ಒಡೆಯನಿರುವಾಗ ಸರದಿಯ ಕಟ್ಟಳೆ ಉಳಿಸಿಕೊಳ್ಳುವುದು ಸುಲಭ. ನಮ್ಮಲ್ಲಿ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ‘ಉಳುವ ಭೂಮಿ ನನಗೆ ಸೇರಲಿ’ ಎಂದು ಡಿಕ್ಲರೇಷನ್ ಕೊಟ್ಟ ಲಕ್ಷಾಂತರ ಗೇಣಿದಾರರ ಹೆಸರು ಪಹಣಿಗೆ ಏರಿತು. ಲ್ಯಾಕ್ಸ್ಟನ್‌ನ ಗೇಣಿ ರೈತನಿಗೆ ಆ ಒಡೆತನ ಇನ್ನೂ ಸಿಕ್ಕಿಲ್ಲ.